ಹೊಸ ಮೀನು ಮನೆಗೆ ಬಂದ ಮೊದಲ ಎರಡು ವಾರ

ಬಕ್ರೀದ್ ರಜೆ ಮುಗಿದು ಕಾಲೇಜು ತೆರೆದ ವಾರದಲ್ಲಿ ಜೀವಶಾಸ್ತ್ರ ವಿಭಾಗಕ್ಕೆ ಬಂದ ಪ್ರಶ್ನೆಗಳಲ್ಲಿ ಪಾಠದ್ದು ಒಂದೂ ಇರಲಿಲ್ಲ. ಎಲ್ಲವೂ ಮೀನಿನದೇ. ಈದಿ ದುಡ್ಡಿನಲ್ಲಿ ಅಕ್ವೇರಿಯಂ ಕೊಂಡವರು, ತಮ್ಮನಿಗೆಂದು ಮೀನು ತಂದವರು, ಬೆಂಗಳೂರಿಗೆ ಹೋಗಿದ್ದಾಗ ಶಿವಾಜಿನಗರದಿಂದ ಪ್ಯಾಕೆಟ್ ಹಿಡಿದು ಬಸ್ಸಿನಲ್ಲಿ ಬಂದವರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಕಡೆಯ ಹುಡುಗ ಹುಡುಗಿಯರ ದೂರು ಹೆಚ್ಚು ಕಡಿಮೆ ಒಂದೇ ಆಗಿತ್ತು: ಅಂಗಡಿಯಲ್ಲಿ ಚೆನ್ನಾಗಿದ್ದ ಮೀನು ಮನೆಗೆ ಬಂದ ನಾಲ್ಕೈದು ದಿನಕ್ಕೆ ಸಾಯುತ್ತಿದೆ, ಯಾಕೆ ಸರ್?

ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ. ಪರೀಕ್ಷೆಗೆ ಇದು ಬರುವುದಿಲ್ಲ. ಆದರೆ ಪ್ರಥಮ ಪಿಯುಸಿಯ ಪ್ರಾಣಿ ಸಾಮ್ರಾಜ್ಯದ ಅಧ್ಯಾಯದಲ್ಲಿ ಮೂಳೆಮೀನುಗಳಿಗೆ ಉದಾಹರಣೆಯಾಗಿ ಬೆಟ್ಟಾ, ಟೆರೋಫಿಲಂ ಎಂಬ ಹೆಸರುಗಳನ್ನು ಬಾಯಿಪಾಠ ಮಾಡಿದ್ದೀರಿ. ಮೊದಲನೆಯದು ಅಂಗಡಿಯ ಫೈಟರ್, ಎರಡನೆಯದು ಏಂಜೆಲ್. ಅಲ್ಲಿಂದಲೇ ಶುರು ಮಾಡಿದೆವು ಎಂದುಕೊಳ್ಳಿ.

ಮೀನು ಬಂದ ದಾರಿ

ನಮ್ಮ ಊರಿನ ಅಂಗಡಿಯ ಗಾಜಿನ ತೊಟ್ಟಿಯಲ್ಲಿ ಕಾಣುವ ಮೀನು ಅಲ್ಲಿ ಹುಟ್ಟಿದ್ದಲ್ಲ. ದೇಶದಲ್ಲಿ ಬಣ್ಣದ ಮೀನು ಸಾಕಣೆಯ ದೊಡ್ಡ ಕೇಂದ್ರಗಳೆಂದರೆ ಕೋಲ್ಕತ್ತದ ಸುತ್ತಮುತ್ತಲಿನ ಹಳ್ಳಿಗಳು ಮತ್ತು ಚೆನ್ನೈನ ಕೊಳತ್ತೂರು. ಅಲ್ಲಿನ ಮಣ್ಣಿನ ಹೊಂಡದಲ್ಲೋ ಸಿಮೆಂಟ್ ತೊಟ್ಟಿಯಲ್ಲೋ ಬೆಳೆದ ಮರಿ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬೆಂಗಳೂರಿನ ಸಗಟು ವ್ಯಾಪಾರಿಗೆ ಬರುತ್ತದೆ. ಅಲ್ಲಿಂದ ಇನ್ನೊಂದು ಚೀಲ, ತುಮಕೂರು ದಾರಿಯಲ್ಲಿ ಬಸ್ಸು, ನಮ್ಮೂರಿನ ಅಂಗಡಿ. ಅಲ್ಲಿಂದ ಮತ್ತೊಂದು ಚೀಲ, ನಿಮ್ಮ ಮನೆ. ಒಂದೆರಡು ವಾರದೊಳಗೆ ಮೂರು ನಾಲ್ಕು ಊರಿನ ನೀರು ಕುಡಿದು ಬಂದ ಜೀವ ಅದು. ಸಾಗಿಸುವಾಗ ನೀರು ಕೊಳೆಯಬಾರದೆಂದು ಹೊಟ್ಟೆಗೂ ಹಾಕಿರುವುದಿಲ್ಲ.

ಇಷ್ಟು ಒತ್ತಡದಲ್ಲಿ ಮೀನಿನ ದೇಹದಲ್ಲಿ ಕಾರ್ಟಿಸಾಲ್ ಏರುತ್ತದೆ, ರೋಗನಿರೋಧಕ ಶಕ್ತಿ ಇಳಿಯುತ್ತದೆ. ಮೈಮೇಲಿನ ಲೋಳೆಯ ಪದರ ಬಲೆಗೆ, ಕೈಗೆ ತಾಗಿ ಕಿತ್ತುಹೋಗಿರುತ್ತದೆ. ಆ ಲೋಳೆಯೇ ಮೀನಿನ ಮೊದಲ ಕೋಟೆ. ಅಂಗಡಿಯಲ್ಲಿ ಮೈಗೆ ಅಂಟಿಕೊಂಡು ಸುಮ್ಮನಿದ್ದ ಒಂದೆರಡು ಪರೋಪಜೀವಿಗಳು ಈಗ ನೂರಾಗುತ್ತವೆ. ಹೊಸ ಮೀನಿನ ರೋಗ ಬಹುಪಾಲು ನಿಮ್ಮ ಮನೆಯಲ್ಲಿ ಹುಟ್ಟುವುದಿಲ್ಲ, ನಿಮ್ಮ ಮನೆಯಲ್ಲಿ ಕಣ್ಣಿಗೆ ಕಾಣುತ್ತದೆ ಅಷ್ಟೆ.

ಚೀಲದೊಳಗಿನ ರಸಾಯನಶಾಸ್ತ್ರ

ಪಿಸಿಎಂಬಿ ಮಕ್ಕಳಿಗೆ ಇದು ಇಷ್ಟವಾಗಬೇಕು. ಮುಚ್ಚಿದ ಚೀಲದಲ್ಲಿ ಮೀನು ಉಸಿರಾಡುತ್ತಲೇ ಇರುತ್ತದೆ. ಕಿವಿರಿನಿಂದ ಎರಡು ವಸ್ತು ಹೊರಬರುತ್ತವೆ: ಇಂಗಾಲದ ಡೈಆಕ್ಸೈಡ್ ಮತ್ತು ಅಮೋನಿಯಾ. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿ ಕಾರ್ಬಾನಿಕ್ ಆಮ್ಲವಾಗಿ ಪಿಎಚ್ ಅನ್ನು ಇಳಿಸುತ್ತದೆ. ಪಿಎಚ್ ಇಳಿದ ನೀರಿನಲ್ಲಿ ಅಮೋನಿಯಾದ ಬಹುಭಾಗ ಅಮೋನಿಯಂ ಅಯಾನು ಆಗಿರುತ್ತದೆ, ಅದು ಅಷ್ಟು ವಿಷವಲ್ಲ. ಹಾಗಾಗಿ ಚೀಲ ಕಟ್ಟಿರುವವರೆಗೆ ಮೀನು ಹೇಗೋ ತಡೆದುಕೊಂಡಿರುತ್ತದೆ.

ಚೀಲದ ಬಾಯಿ ಬಿಚ್ಚಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರತೊಡಗುತ್ತದೆ. ಸುಮಾರು 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ಶೇ. 0.6ರಷ್ಟು ಮಾತ್ರ. ಪಿಎಚ್ 8 ಆದರೆ ಅದು ಶೇ. 5 ದಾಟುತ್ತದೆ. ಅಮೋನಿಯಾದ ಒಟ್ಟು ಪ್ರಮಾಣ ಅಷ್ಟೇ ಇದ್ದರೂ ವಿಷ ಹತ್ತುಪಟ್ಟಾಯಿತು. ಚೀಲ ಬಿಚ್ಚಿ, ಅದಕ್ಕೆ ತೊಟ್ಟಿಯ ನೀರನ್ನು ಲೋಟ ಲೋಟವಾಗಿ ಎರಡು ಗಂಟೆ ಸುರಿಯುತ್ತಾ ಕೂರುವವರಿದ್ದಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಅಷ್ಟೂ ಹೊತ್ತು ಮೀನು ಆ ವಿಷದಲ್ಲೇ ಇರುತ್ತದೆ.

ಸರಿಯಾದ ಕ್ರಮ ಹೀಗೆ. ಚೀಲವನ್ನು ಬಿಚ್ಚದೆ ಹದಿನೈದು ಇಪ್ಪತ್ತು ನಿಮಿಷ ತೊಟ್ಟಿಯ ನೀರಿನ ಮೇಲೆ ತೇಲಿಬಿಡಿ, ಉಷ್ಣತೆ ಸಮವಾಗಲಿ. ದೀಪ ಆರಿಸಿರಿ. ಆಮೇಲೆ ಬಿಚ್ಚಿ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪ ತೊಟ್ಟಿಯ ನೀರು ಬೆರೆಸಿ. ಒಟ್ಟು ಅರ್ಧ ಗಂಟೆಯೊಳಗೆ ಮೀನನ್ನು ಬಲೆಯಲ್ಲಿ ಎತ್ತಿ ಬಿಡಿ. ಚೀಲದ ನೀರನ್ನು ಮಾತ್ರ ತೊಟ್ಟಿಗೆ ಸುರಿಯಬೇಡಿ. ಅಮೋನಿಯಾ, ಅಂಗಡಿಯ ರೋಗಾಣು ಎರಡೂ ಅದರಲ್ಲಿವೆ. ಅದು ಗಿಡದ ಬುಡಕ್ಕೆ ಹೋಗಲಿ. ಆ ದಿನ ಆಹಾರ ಹಾಕಬೇಡಿ.

ನಮ್ಮ ಕಡೆಯ ನೀರು

ಬೆಂಗಳೂರಿನ ಅಂಗಡಿಯವರು ಹೇಳಿಕೊಡುವ ಕ್ರಮ ನಮ್ಮ ತಾಲ್ಲೂಕುಗಳಲ್ಲಿ ಕೆಲವು ಸಲ ಕೈಕೊಡುವುದು ನೀರಿನಿಂದ. ನಮ್ಮದು ಬಂಡೆಯ ಸೀಮೆ. ಮಧುಗಿರಿ ಬೆಟ್ಟ ನೋಡಿದವರಿಗೆ ನೆಲದ ಕೆಳಗೆ ಏನಿದೆ ಎಂದು ಹೇಳಬೇಕಿಲ್ಲ. ಆ ಬಂಡೆಯ ಬಿರುಕಿನಿಂದ ಎತ್ತಿದ ಬೋರ್‌ವೆಲ್ ನೀರಿಗೆ ನಮ್ಮ ಜನ 'ಉಪ್ಪು ನೀರು' ಎನ್ನುತ್ತಾರೆ. ಪುಸ್ತಕದ ಮಾತಿನಲ್ಲಿ ಗಡಸು ನೀರು. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು, ಸೋಪು ನೊರೆ ಬರುವುದಿಲ್ಲ, ಗೀಸರಿನ ಕಾಯಿಲ್ ಬೆಳ್ಳಗಾಗುತ್ತದೆ. ಪಿಎಚ್ ಸಾಮಾನ್ಯವಾಗಿ 7ಕ್ಕಿಂತ ಮೇಲೆ. ನಮ್ಮ ಪ್ರಯೋಗಾಲಯದ ನಲ್ಲಿಯ ನೀರು ಪಿಎಚ್ ಕಾಗದದಲ್ಲಿ 8ರ ಆಸುಪಾಸು ತೋರಿಸುತ್ತದೆ. ಮೇಲಿನ ಲೆಕ್ಕ ನೆನಪಿಸಿಕೊಳ್ಳಿ: ನಮ್ಮ ನೀರಿನಲ್ಲಿ ಸ್ವಲ್ಪ ಅಮೋನಿಯಾ ಕೂಡ ದೊಡ್ಡ ವಿಷ.

ಪಾವಗಡದ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಕುಡಿಯಲು ಶುದ್ಧೀಕರಣ ಘಟಕದ ಕ್ಯಾನ್ ನೀರೇ ಗತಿ. ಅಲ್ಲಿನ ಒಬ್ಬ ಹುಡುಗ 'ನಮಗೇ ಆಗದ ನೀರು ಮೀನಿಗೆ ಆಗುತ್ತಾ' ಎಂದು ಅಕ್ವೇರಿಯಂ ತುಂಬಾ ಫಿಲ್ಟರ್ ನೀರು ತುಂಬಿ ಮೋಲಿ ಮೀನು ಬಿಟ್ಟಿದ್ದ. ಒಳ್ಳೆಯ ಮನಸ್ಸಿನ ಯೋಚನೆ. ಆದರೆ ಆರ್‌ಒ ಘಟಕ ಫ್ಲೋರೈಡಿನ ಜೊತೆಗೆ ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಎಲ್ಲವನ್ನೂ ತೆಗೆಯುತ್ತದೆ. ಮೋಲಿ ಮೂಲತಃ ಮೆಕ್ಸಿಕೊ ಕಡೆಯ ಗಡಸು ನೀರಿನ, ಕೆಲವೆಡೆ ಸಮುದ್ರ ಸೇರುವ ಚೌಳು ನೀರಿನ ಮೀನು. ಲವಣವಿಲ್ಲದ ನೀರಿನಲ್ಲಿ ಅದು ನಿಂತಲ್ಲೇ ನಿಂತು ಮೈಯನ್ನು ಅಲುಗಾಡಿಸುತ್ತದೆ, ಚಳಿಗೆ ನಡುಗಿದ ಹಾಗೆ. ರೋಗವೆಂದು ತಿಳಿದು ಔಷಧ ಹಾಕಿದರೆ ಇನ್ನಷ್ಟು ಕೆಡುತ್ತದೆ. ಆ ಹುಡುಗ ಮೂರು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಬೋರ್‌ವೆಲ್ ನೀರನ್ನು ಅರ್ಧದಷ್ಟು ಬೆರೆಸಿದ. ಮೋಲಿಗಳು ಮತ್ತೆ ಈಜಾಡಿದವು, ಔಷಧ ಒಂದು ಹನಿಯೂ ಬೇಕಾಗಲಿಲ್ಲ.

ಬೋರ್‌ವೆಲ್ ನೀರನ್ನೂ ಎತ್ತಿದ ಕೂಡಲೇ ತೊಟ್ಟಿಗೆ ಸುರಿಯಬಾರದು. ಆಳದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಬಕೆಟ್ಟಿನಲ್ಲಿ ತುಂಬಿ ಒಂದು ದಿನ ಏರ್ ಪಂಪ್ ಬಿಟ್ಟಿರಿ. ಪುರಸಭೆಯ ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಹಾಗೆಯೇ ಬಿಡಿ, ಅವಸರವಿದ್ದರೆ ಅಂಗಡಿಯಲ್ಲಿ ಸಿಗುವ ಸೋಡಿಯಂ ಥಯೋಸಲ್ಫೇಟ್ ದ್ರಾವಣ.

ಇನ್ನೊಂದು ಮಾತು. ಶನಿವಾರ ತೊಟ್ಟಿ ಕೊಂಡು ಭಾನುವಾರ ಮೀನು ಬಿಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಮೀನು ಬಿಟ್ಟ ಅಮೋನಿಯಾವನ್ನು ನೈಟ್ರೋಸೋಮೊನಾಸ್‌ನಂಥ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿ, ನೈಟ್ರೋಸ್ಪೈರದಂಥವು ಅದನ್ನು ನೈಟ್ರೇಟ್ ಆಗಿ ಬದಲಿಸಬೇಕು. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲಿನ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಹೊಸ ತೊಟ್ಟಿ ನೋಡಲು ತಿಳಿಯಾಗಿದ್ದರೂ ಒಳಗೆ ಶುದ್ಧೀಕರಣವೇ ಇಲ್ಲದ ಊರಿದ್ದಂತೆ. ಹಳೆಯ ತೊಟ್ಟಿ ಇಟ್ಟವರ ಬಳಿ ಒಂದು ಸ್ಪಂಜಿನ ತುಂಡು ಕೇಳಿ ತಂದರೆ ಈ ಕಾಲ ಬಹಳ ಕಡಿಮೆಯಾಗುತ್ತದೆ, ಆದರೆ ಆ ತೊಟ್ಟಿಯಲ್ಲಿ ರೋಗವಿಲ್ಲವೆಂದು ಖಾತ್ರಿ ಇರಬೇಕು. ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡಿ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ.

ರವೆ ಚೆಲ್ಲಿದಂಥ ಮೀನು

ಕೊರಟಗೆರೆ ಕಡೆಯಿಂದ ಬರುವ ಪ್ರಥಮ ಪಿಯುಸಿಯ ಒಬ್ಬ ವಿದ್ಯಾರ್ಥಿನಿ ಗುರುವಾರ ಬೆಳಿಗ್ಗೆ ಅಗಲಬಾಯಿಯ ಬಾಟಲಿಯಲ್ಲಿ ಒಂದು ಗಪ್ಪಿ ತಂದಳು. 'ಸರ್, ಮೈಮೇಲೆ ರವೆ ಚೆಲ್ಲಿದಂಗೆ ಆಗೈತೆ. ತಮ್ಮ ಅಳ್ತಾ ಕೂತವ್ನೆ' ಎಂದಳು. ಅವಳ ಅಬ್ಬಾ ಭಾನುವಾರ ಬೆಂಗಳೂರಿನಿಂದ ಏಳುನೂರು ರೂಪಾಯಿ ಕೊಟ್ಟು ಹದಿನಾಲ್ಕು ಮೀನು ತಂದಿದ್ದರು: ಆರು ಗಪ್ಪಿ, ನಾಲ್ಕು ಮೋಲಿ, ನಾಲ್ಕು ನಿಯಾನ್ ಟೆಟ್ರಾ. ತೊಟ್ಟಿಯೂ ಹೊಸದು, ನೀರು ಬೋರ್‌ವೆಲ್‌ನದು. ಆ ಬೆಳಿಗ್ಗೆ ಒಂದು ನಿಯಾನ್ ಸತ್ತಿತ್ತು.

ಸತ್ತ ಮೀನಿನ ಬದಲು ಜೀವಂತ ಮೀನು ತಂದದ್ದು ಅವಳ ಜಾಣತನ. ಆತಿಥೇಯ ಸತ್ತ ಸ್ವಲ್ಪ ಹೊತ್ತಿನಲ್ಲೇ ಈ ಪರೋಪಜೀವಿ ಮೈಬಿಟ್ಟು ಹೋಗುತ್ತದೆ, ಆಮೇಲೆ ನೋಡಲು ಏನೂ ಸಿಗುವುದಿಲ್ಲ. ಮೀನಿನ ಬಾಲದ ಬಳಿ ಕವರ್‌ಸ್ಲಿಪ್ಪಿನ ಅಂಚಿನಿಂದ ಲೋಳೆಯನ್ನು ನಯವಾಗಿ ಒರೆಸಿ, ಅದೇ ನೀರಿನ ಒಂದು ಹನಿಯಲ್ಲಿ ಸ್ಲೈಡ್ ಮಾಡಿ, ನೂರು ಪಟ್ಟು ಹಿಗ್ಗಿಸಿ ನೋಡಿದೆವು. ಗುಂಡಗಿನ, ಕಂದು ಛಾಯೆಯ, ನಿಧಾನವಾಗಿ ಹೊರಳುತ್ತಿರುವ ಜೀವಿ. ಸುತ್ತ ಲೋಮಾಂಗಗಳು ಮಿಡಿಯುತ್ತಿದ್ದವು. ಒಳಗೆ ಕುದುರೆ ಲಾಳದ ಆಕಾರದ ಕೋಶಕೇಂದ್ರ. ಆ ಲಾಳ ಕಂಡರೆ ಅನುಮಾನವೇ ಬೇಡ: ಇಕ್ತಿಯೋಫ್ತೀರಿಯಸ್ ಮಲ್ಟಿಫಿಲಿಸ್, ಬಿಳಿ ಚುಕ್ಕೆ ರೋಗ. ಮೀನು ಸಾಕುವವರು ಚುಟುಕಾಗಿ 'ಇಕ್' ಎನ್ನುತ್ತಾರೆ. ನೀವು ಓದಿದ ಪ್ಯಾರಮೀಸಿಯಂ ಇರುವ ಲೋಮಾಂಗಿಗಳ ಗುಂಪಿನದೇ ಇದು. ಅಂದು ಮಧ್ಯಾಹ್ನ ಇಡೀ ತರಗತಿ ಸಾಲಾಗಿ ನಿಂತು ನೋಡಿತು. ಚಾರ್ಟಿನಲ್ಲಿ ವರ್ಷಗಟ್ಟಲೆ ತೋರಿಸಿದ್ದಕ್ಕಿಂತ ಆ ಹತ್ತು ನಿಮಿಷ ಹೆಚ್ಚು ಕಲಿಸಿತೆಂದು ನನ್ನ ಅನಿಸಿಕೆ.

ಇದರ ಜೀವನಚಕ್ರ ಗೊತ್ತಿಲ್ಲದೆ ಚಿಕಿತ್ಸೆ ಮಾಡಿದರೆ ದುಡ್ಡು ದಂಡ. ಮೀನಿನ ಮೇಲೆ ಕಾಣುವ ಬಿಳಿ ಚುಕ್ಕೆ ಅದರ ಉಣ್ಣುವ ಹಂತ. ಚರ್ಮದ ಮೇಲ್ಪದರದ ಕೆಳಗೆ ಅಡಗಿ ಕೂತಿರುತ್ತದೆ, ಯಾವ ಔಷಧವೂ ಸುಲಭವಾಗಿ ಅಲ್ಲಿ ತಲುಪದು. ಹೊಟ್ಟೆ ತುಂಬಿದ ಮೇಲೆ ಮೈಯಿಂದ ಕಳಚಿ ತಳಕ್ಕೆ ಬೀಳುತ್ತದೆ, ಸುತ್ತ ಅಂಟಿನ ಪೊರೆ ಕಟ್ಟಿಕೊಂಡು ಒಳಗೆ ವಿಭಜನೆಯಾಗುತ್ತದೆ. ಒಂದರಿಂದ ನೂರಾರು, ಕೆಲವೊಮ್ಮೆ ಸಾವಿರದವರೆಗೆ ಮರಿಗಳು. ಪೊರೆ ಒಡೆದು ಈಜುತ್ತಾ ಹೊರಡುವ ಮರಿಗಳಿಗೆ ಸುಮಾರು ಎರಡು ದಿನದೊಳಗೆ ಮೀನು ಸಿಗಬೇಕು, ಸಿಗದಿದ್ದರೆ ಸಾಯುತ್ತವೆ. ಉಪ್ಪಾಗಲಿ ಔಷಧವಾಗಲಿ ಕೊಲ್ಲುವುದು ಈ ಈಜುವ ಹಂತವನ್ನು ಮಾತ್ರ. 25 ಡಿಗ್ರಿಯಲ್ಲಿ ಇಡೀ ಚಕ್ರಕ್ಕೆ ಒಂದು ವಾರದೊಳಗಿನ ಕಾಲ ಸಾಕು, ಚಳಿಯಲ್ಲಿ ಹಲವು ವಾರ ಹಿಡಿಯುತ್ತದೆ. ನೀರನ್ನು ಬೆಚ್ಚಗೆ ಮಾಡುವುದು ಇದಕ್ಕಾಗಿ: ಚುಕ್ಕೆ ಬೇಗ ಕಳಚಲಿ, ಮರಿಗಳು ಬೇಗ ಹೊರಬಂದು ಸಿಕ್ಕಿಬೀಳಲಿ. 30 ಡಿಗ್ರಿ ದಾಟಿದರೆ ಅದರ ಸಂತಾನವೃದ್ಧಿಯೇ ಕುಂಠಿತವಾಗುತ್ತದೆ.

ಈಗ ಲೆಕ್ಕ. ಅವಳ ತೊಟ್ಟಿ 60 ಸೆಂ.ಮೀ. ಉದ್ದ, 30 ಅಗಲ, 30 ಎತ್ತರ. ಗುಣಿಸಿದರೆ 54,000 ಘನ ಸೆಂ.ಮೀ., ಅಂದರೆ 54 ಲೀಟರ್. ಕಲ್ಲು, ಮೇಲೆ ಬಿಟ್ಟ ಖಾಲಿ ಜಾಗ ಕಳೆದು ನೀರು 45 ಲೀಟರ್ ಎಂದು ಹಿಡಿದೆವು. ಲೀಟರಿಗೆ 3 ಗ್ರಾಂ ಕಲ್ಲುಪ್ಪಿನಂತೆ 135 ಗ್ರಾಂ. ಇದನ್ನು ಒಮ್ಮೆಲೇ ಹಾಕುವಂತಿಲ್ಲ. 45 ಗ್ರಾಮಿನಂತೆ ಮೂರು ಕಂತು, ಕಂತಿಗೂ ಕಂತಿಗೂ ಹನ್ನೆರಡು ಗಂಟೆ, ಪ್ರತಿ ಸಲವೂ ಬೇರೆ ಪಾತ್ರೆಯಲ್ಲಿ ಕರಗಿಸಿ ನಿಧಾನವಾಗಿ ಸುರಿಯಬೇಕು. ತಳದ ಕೊಳೆಯನ್ನು ಪೈಪಿನಿಂದ ಎಳೆದು 11 ಲೀಟರ್ ನೀರು ತೆಗೆದ ದಿನ, ಹೊಸ 11 ಲೀಟರಿಗೆ 33 ಗ್ರಾಂ ಮಾತ್ರ ಸೇರಿಸಬೇಕು. ಇಲ್ಲಿ ಮಕ್ಕಳು ಎಡವುತ್ತಾರೆ. ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಬರೀ ಆವಿಯಾದ ನೀರನ್ನು ತುಂಬಿಸುವಾಗ ಉಪ್ಪು ಸೇರಿಸಿದರೆ ಪ್ರಮಾಣ ಏರುತ್ತಾ ಹೋಗುತ್ತದೆ.

ಹೀಟರಿನಿಂದ ಉಷ್ಣತೆಯನ್ನು 26ರಿಂದ 30 ಡಿಗ್ರಿಗೆ ಒಂದೂವರೆ ದಿನದಲ್ಲಿ ನಿಧಾನವಾಗಿ ಏರಿಸಿದರು. ಬೆಚ್ಚನೆ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿ.ಗ್ರಾಂ, 30ರಲ್ಲಿ ಏಳೂವರೆ. ಕಿವಿರಿಗೂ ಚುಕ್ಕೆ ಹತ್ತಿದ ಮೀನಿಗೆ ಈ ಒಂದೂವರೆ ಮಿ.ಗ್ರಾಂ ಪ್ರಾಣದ ಮಾತು. ಆದ್ದರಿಂದ ಏರ್ ಪಂಪ್ ಹಗಲೂ ರಾತ್ರಿ. ಕರೆಂಟ್ ಹೋದಾಗ ಏನು ಮಾಡುವುದೆಂಬುದು ನಮ್ಮ ಹಳ್ಳಿಗಳ ದೊಡ್ಡ ಪ್ರಶ್ನೆ. ಪವರ್ ಬ್ಯಾಂಕಿಗೆ ಹಾಕುವ ಪುಟ್ಟ ಪಂಪ್ ಸಿಗುತ್ತದೆ. ಅವಳ ಅಮ್ಮಿ ಅದಕ್ಕೂ ಕಾಯದೆ, ಕರೆಂಟ್ ಹೋದಾಗಲೆಲ್ಲ ಮಗ್ಗಿನಿಂದ ನೀರೆತ್ತಿ ಮೇಲಿನಿಂದ ಸುರಿಯುತ್ತಿದ್ದರಂತೆ. ಅದೂ ಸರಿಯಾದ ವಿಧಾನವೇ.

ಶುಕ್ರವಾರ ಮತ್ತು ಶನಿವಾರ ಇನ್ನೆರಡು ನಿಯಾನ್, ಎರಡು ಗಪ್ಪಿ ಹೋದವು. ಭಾನುವಾರ ಸಂಜೆ ಚುಕ್ಕೆಗಳೆಲ್ಲ ಮಾಯ. 'ವಾಸಿ ಆಯ್ತು ಸರ್, ಉಪ್ಪು ತೆಗೀಲಾ?' ಎಂದು ಫೋನು. ಬೇಡವೆಂದೆ. ಚುಕ್ಕೆ ಮಾಯವಾದದ್ದೆಂದರೆ ಅವು ತಳಕ್ಕೆ ಬಿದ್ದು ಮರಿ ಮಾಡುತ್ತಿವೆ ಎಂದರ್ಥ. ಬುಧವಾರ ಮೋಲಿಗಳ ಮೇಲೆ ಮತ್ತೆ ಮೂರು ನಾಲ್ಕು ಚುಕ್ಕೆ ಕಂಡವು, ಆದರೆ ಮೊದಲಿನಷ್ಟಲ್ಲ. ದಿನ ಬಿಟ್ಟು ದಿನ ತಳ ಎಳೆಯುವುದು, ದಿನಕ್ಕೊಮ್ಮೆ ಚಿಟಿಕೆ ಆಹಾರ, ಹೀಗೆ ನಡೆಯಿತು. ಚಿಕಿತ್ಸೆಯ ಒಂಬತ್ತನೇ ದಿನಕ್ಕೆ ಕೊನೆಯ ಚುಕ್ಕೆ ಹೋಯಿತು. ಅಲ್ಲಿಂದ ಇನ್ನೂ ಐದು ದಿನ ಬಿಟ್ಟು, ಆಮೇಲೆ ಉಪ್ಪಿಲ್ಲದ ನೀರು ಬದಲಿಸುತ್ತಾ ಬಂದರು. ಹದಿನಾಲ್ಕರಲ್ಲಿ ಒಂಬತ್ತು ಉಳಿದವು: ನಾಲ್ಕು ಮೋಲಿ, ನಾಲ್ಕು ಗಪ್ಪಿ, ಒಂದು ನಿಯಾನ್. ಉಳಿದವಕ್ಕೆ ಈ ರೋಗದ ವಿರುದ್ಧ ಸ್ವಲ್ಪ ಕಾಲ ರೋಗನಿರೋಧಕ ಶಕ್ತಿಯೂ ಬರುತ್ತದೆ.

ಉಪ್ಪಿಗೆ ಮಿತಿಯಿದೆ. ಹುರುಪೆಯಿಲ್ಲದ ಲೋಚ್ ಜಾತಿಯವು, ಕೋರಿಡೋರಾಸ್ ಮುಂತಾದ ಮೀಸೆಮೀನುಗಳು ಇಷ್ಟು ಉಪ್ಪು ತಾಳುವುದಿಲ್ಲ. ತೊಟ್ಟಿಯ ಗಿಡಗಳೂ ಬಾಡುತ್ತವೆ.

ಬೇರೆ ರೋಗ, ಬೇರೆ ಬಾಟಲಿ

ಎಲ್ಲ ಬಿಳುಪೂ ಇಕ್ ಅಲ್ಲ. ಬಾಯಿಯ ಸುತ್ತ ಹತ್ತಿಯಂತೆ ಕಂಡು ಒಂದೆರಡು ದಿನದಲ್ಲೇ ಸಾಯಿಸುವುದು ಹೆಚ್ಚಾಗಿ ಫ್ಲಾವೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ. ಇದಕ್ಕೆ ನೀರು ಬೆಚ್ಚಗೆ ಮಾಡಿದರೆ ರೋಗ ಇನ್ನೂ ಜೋರಾಗುತ್ತದೆ. ಗಾಯದ ಮೇಲೆ ಉದ್ದುದ್ದ ಎಳೆಗಳಿದ್ದರೆ ಸ್ಯಾಪ್ರೊಲೆಗ್ನಿಯಾ ಎಂಬ ನೀರುಬೂಷ್ಟು. ಟಾರ್ಚ್ ಬಿಟ್ಟಾಗ ಚಿನ್ನದ ಪುಡಿ ಬಳಿದಂತೆ ಹೊಳೆದರೆ ಅದು ವೆಲ್ವೆಟ್. ಈಜುರೆಕ್ಕೆ ಅಂಚಿನಿಂದ ಸವೆದರೆ ಬಹುತೇಕ ನೀರು ಕೆಟ್ಟಿದೆ ಎಂದೇ ಅರ್ಥ, ಮೊದಲು ನೀರು ಬದಲಿಸಿ. ಹೊಟ್ಟೆ ಊದಿ ಹುರುಪೆಗಳು ಜೋಳದ ತೆನೆಯಂತೆ ಎದ್ದುನಿಂತ ಮೀನನ್ನು ಉಳಿಸುವುದು ಕಷ್ಟ, ಅದನ್ನು ಬೇರೆಯಿಡಿ. ಗೋಲ್ಡ್‌ಫಿಶ್ ಮೈಯಿಂದ ದಾರದ ತುಂಡು ಜೋತಾಡಿದರೆ ಲರ್ನಿಯಾ, ಅದು ಹುಳುವಲ್ಲ, ಸಿಗಡಿಯ ದೂರದ ನೆಂಟ.

ಅಂಗಡಿಯಲ್ಲಿ ಕೊಡುವ ನೀಲಿ ಬಾಟಲಿ ಸಾಮಾನ್ಯವಾಗಿ ಮೆಥಿಲೀನ್ ಬ್ಲೂ. ಬೂಷ್ಟಿಗೆ ಸರಿ, ಆದರೆ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಬೇರೆ ಟಬ್ಬಿನಲ್ಲಿ ಮಾತ್ರ ಬಳಸಿ. ಹಸಿರು ಬಾಟಲಿಯಲ್ಲಿ ಮ್ಯಾಲಕೈಟ್ ಗ್ರೀನ್ ಇರುತ್ತದೆ. ಬಿಳಿ ಚುಕ್ಕೆಗೆ ಪರಿಣಾಮಕಾರಿ, ಆದರೆ ಮನುಷ್ಯನ ಆರೋಗ್ಯಕ್ಕೆ ಅಪಾಯವೆಂದು ತಿನ್ನುವ ಮೀನಿಗೆ ಇದನ್ನು ನಿಷೇಧಿಸಿದ್ದಾರೆ. ಕೈಗವಸಿಲ್ಲದೆ ಮುಟ್ಟಬೇಡಿ, ಗರ್ಭಿಣಿಯರ ಕೈಗೆ ಕೊಡಲೇಬೇಡಿ, ಅಡುಗೆಮನೆಯ ಚಮಚದಲ್ಲಿ ಅಳೆಯಬೇಡಿ. ನಮ್ಮ ಪ್ರಯೋಗಾಲಯದ ಫಾರ್ಮಲಿನ್ ಜಾಡಿಯತ್ತ ಕಣ್ಣು ಹಾಕಿದ ಇಬ್ಬರು ಮಹಾಶಯರಿಗೆ ಹೇಳುವುದಿಷ್ಟೆ: ಅದು ಸತ್ತ ಮಾದರಿ ಕೆಡದಂತೆ ಇಡಲು, ಬದುಕಿರುವವರಿಗಲ್ಲ.

ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಒಡೆದು ತೊಟ್ಟಿಗೆ ಹಾಕುವ ಚಾಳಿ ಬಹಳ ಕಡೆ ಇದೆ. ಮೂರು ಕಾರಣಕ್ಕೆ ಬೇಡ. ಪರೋಪಜೀವಿಗೆ, ಬೂಷ್ಟಿಗೆ ಅದು ನಾಟುವುದಿಲ್ಲ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ಚರಂಡಿಗೆ ಬಿಟ್ಟಂತಾಗುತ್ತದೆ. ಮೂರನೆಯದು ನಮ್ಮ ನೀರಿನದೇ ವಿಶೇಷ: ಟೆಟ್ರಾಸೈಕ್ಲಿನ್ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳಿಗೆ ಬಂಧಿತವಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಹಾಲಿನ ಜೊತೆ ಆ ಮಾತ್ರೆ ನುಂಗಬೇಡಿ ಎಂದು ಡಾಕ್ಟರ್ ಹೇಳುವುದೂ ಇದೇ ಕಾರಣಕ್ಕೆ. ನಮ್ಮ ಗಡಸು ನೀರಿನಲ್ಲಿ ಆ ಕ್ಯಾಪ್ಸೂಲ್ ಬರೀ ಹಳದಿ ಬಣ್ಣ.

ಇದೆಲ್ಲಕ್ಕಿಂತ ಅಗ್ಗದ ಔಷಧ ಒಂದು ಪ್ಲಾಸ್ಟಿಕ್ ಟಬ್. ಇಪ್ಪತ್ತು ಲೀಟರ್ ಹಿಡಿಯುವುದು, ಒಂದು ಸ್ಪಂಜ್ ಫಿಲ್ಟರ್, ಅಡಗಲು ಒಂದು ಪೈಪ್ ತುಂಡು, ಮೇಲೆ ಮುಚ್ಚಲು ಜಾಲರಿ. ಹೊಸ ಮೀನು ಮೊದಲು ಎರಡು ವಾರ, ಸಾಧ್ಯವಾದರೆ ನಾಲ್ಕು ವಾರ ಇಲ್ಲಿ. ಇದರ ಬಲೆ, ಮಗ್ಗು ಇದಕ್ಕೇ ಮೀಸಲು. ಹಳೆಯ ತೊಟ್ಟಿ ಇರುವವರಿಗೆ ಈ ಟಬ್ ಇಲ್ಲದೆ ಹೊಸ ಮೀನು ಕೊಳ್ಳಬೇಡಿ ಎಂದೇ ನನ್ನ ಖಡಾಖಂಡಿತ ಸಲಹೆ.

ಯಾವ ಮೀನು, ಹೇಗೆ ಆರಿಸುವುದು

ಅಂಗಡಿಗೆ ಹೋದಾಗ ಇಷ್ಟವಾದ ಒಂದು ಮೀನನ್ನು ನೋಡಬೇಡಿ, ಅದಿರುವ ತೊಟ್ಟಿಯನ್ನು ನೋಡಿ. ಅದರಲ್ಲಿ ಒಂದು ಸತ್ತು ಬಿದ್ದಿದ್ದರೂ, ಒಂದು ಕಲ್ಲಿಗೆ ಮೈ ಉಜ್ಜುತ್ತಿದ್ದರೂ, ಈಜುರೆಕ್ಕೆ ಮುದುಡಿಕೊಂಡು ಮೂಲೆಯಲ್ಲಿದ್ದರೂ ಆ ತೊಟ್ಟಿಯಿಂದ ಯಾವುದೂ ಬೇಡ. ಬೆನ್ನು ಕತ್ತಿಯಂತೆ, ಹೊಟ್ಟೆ ಒಳಗೆ ಹೋದಂತೆ ಇರುವುದೂ ಬೇಡ. ಎದುರಿಗೇ ಆಹಾರ ಹಾಕಿಸಿ, ತಿನ್ನುವುದೇ ನೋಡಿ. ಲೋಡ್ ಬಂದ ದಿನ ಕೊಳ್ಳಬೇಡಿ. ಒಂದು ವಾರ ಅಂಗಡಿಯಲ್ಲೇ ಇರಲಿ, ಸಾಯುವವು ಅಲ್ಲೇ ಸಾಯುತ್ತವೆ. ಅಂಗಡಿಯವರೊಡನೆ ವಿನಯದಿಂದ ಮಾತಾಡಿ ಮುಂಗಡ ಹತ್ತು ಇಪ್ಪತ್ತು ಕೊಟ್ಟು ಇಟ್ಟಿರಿ ಎಂದರೆ ಬಹಳ ಜನ ಒಪ್ಪುತ್ತಾರೆ.

ನಮ್ಮ ಗಡಸು ನೀರಿಗೆ ಹೇಳಿಮಾಡಿಸಿದವು ಮರಿ ಹಾಕುವ ಮೀನುಗಳು: ಗಪ್ಪಿ, ಮೋಲಿ, ಪ್ಲ್ಯಾಟಿ, ಸ್ವೋರ್ಡ್‌ಟೇಲ್. ಗಂಡಿಗೆ ಎರಡು ಮೂರು ಹೆಣ್ಣಿನಂತೆ ತನ್ನಿ, ಇಲ್ಲದಿದ್ದರೆ ಗಂಡುಗಳು ಹೆಣ್ಣನ್ನು ಬೆನ್ನಟ್ಟಿಯೇ ಸೋಲಿಸುತ್ತವೆ. ನಮ್ಮ ದೇಶದವೇ ಆದ ಜೀಬ್ರಾ ಡೇನಿಯೊ, ರೋಸಿ ಬಾರ್ಬ್ ಗಟ್ಟಿಮುಟ್ಟು. ಜೀಬ್ರಾ ಡೇನಿಯೊ ಇಂದು ಜಗತ್ತಿನ ತಳಿಶಾಸ್ತ್ರ ಪ್ರಯೋಗಾಲಯಗಳ ಅಚ್ಚುಮೆಚ್ಚಿನ ಮೀನು, ನಾವು ಅದನ್ನು ಹತ್ತು ರೂಪಾಯಿಯ ಮೀನೆಂದು ಕಡೆಗಣಿಸುತ್ತೇವೆ. ನಿಯಾನ್ ಟೆಟ್ರಾ, ಡಿಸ್ಕಸ್ ಅಮೆಜಾನಿನ ಮೆದು, ಆಮ್ಲೀಯ ನೀರಿನವು. ಕೊರಟಗೆರೆಯ ತೊಟ್ಟಿಯಲ್ಲಿ ಮೊದಲು ಹೋದದ್ದು ಯಾರೆಂದು ನೋಡಿದಿರಲ್ಲ.

ಫೈಟರ್ ಗಂಡು ಒಂಟಿಯಾಗಿರಬೇಕು. ಮೇಲೆ ಬಂದು ಗಾಳಿ ಗುಟುಕರಿಸುವ ಅಂಗ ಅದಕ್ಕಿರುವುದರಿಂದ ಪಂಪ್ ಇಲ್ಲದೆಯೂ ಬದುಕುತ್ತದೆ, ಹಾಗೆಂದು ಕಾಫಿ ಲೋಟದಷ್ಟು ನೀರಿನಲ್ಲಿಡಬೇಡಿ, ಹತ್ತು ಹದಿನೈದು ಲೀಟರ್ ಬೇಕು. ಗುಂಡು ಬೋಗುಣಿಯಲ್ಲಿ ಗೋಲ್ಡ್‌ಫಿಶ್ ಇಡುವುದನ್ನು ಸಿನಿಮಾದವರು ಕಲಿಸಿದ್ದು, ಮೀನು ಒಪ್ಪಿದ್ದಲ್ಲ. ಅದು ಗೇಣುದ್ದ ಬೆಳೆಯುವ ಮೀನು, ಕೊಳಕೂ ಹೆಚ್ಚು. ಪಿರಾನಾ ಎಂದು ಮಾರುವುದು ಬಹುತೇಕ ರೂಪ್‌ಚಂದ್, ಒಂದು ವರ್ಷದಲ್ಲಿ ತೊಟ್ಟಿಗಿಂತ ದೊಡ್ಡದಾಗುತ್ತದೆ. ಪಾರದರ್ಶಕ ಮೈಯಲ್ಲಿ ಗುಲಾಬಿ, ಹಸಿರು ಗೆರೆಯಿರುವ ಗ್ಲಾಸ್ ಫಿಶ್ ಕಂಡರೆ ಕೊಳ್ಳಬೇಡಿ. ಆ ಬಣ್ಣ ಸೂಜಿಯಲ್ಲಿ ಚುಚ್ಚಿದ್ದು. ಚುಚ್ಚಿದ ಗಾಯದಿಂದ ಸೋಂಕು ಹತ್ತಿ ಬೇಗ ಸಾಯುತ್ತವೆ, ಉಳಿದವುಗಳ ಬಣ್ಣವೂ ಮಾಸುತ್ತದೆ. ಆ ಮೀನು ನಮ್ಮ ಭಾರತದ್ದೇ, ಬಣ್ಣವಿಲ್ಲದಿದ್ದಾಗಲೇ ಚೆಂದ.

ಪಾಚಿ ತಿನ್ನುತ್ತದೆಂದು ಕೊಡುವ ಸಕ್ಕರ್ ಮೀನು ಒಂದಡಿ ದಾಟಿ ಬೆಳೆಯುತ್ತದೆ. ಬೆಳೆದ ಮೇಲೆ ಜನ ಅದನ್ನು ಕೆರೆಗೆ ಬಿಡುತ್ತಾರೆ, ಬೆಂಗಳೂರಿನ ಕೆರೆಗಳಲ್ಲಿ, ಪಕ್ಕದ ಆಂಧ್ರದ ಮೀನು ಹೊಂಡಗಳಲ್ಲಿ ಅದೀಗ ಮೀನುಗಾರರ ಬಲೆ ಹರಿಯುವ ಕಾಟ. ಶಿರಾದ ದೊಡ್ಡ ಕೆರೆಗೋ ನಿಮ್ಮೂರಿನ ಕಟ್ಟೆಗೋ ಯಾವ ಅಕ್ವೇರಿಯಂ ಮೀನನ್ನೂ ಬಿಡಬೇಡಿ, ರೋಗ ಬಂದದ್ದನ್ನಂತೂ ಖಂಡಿತ ಬೇಡ. ಕೆರೆಯ ರೋಹು, ಕಾಟ್ಲಾ ನಂಬಿ ಬದುಕುವ ಮನೆಗಳಿವೆ, ಆ ಮಕ್ಕಳೂ ನಿಮ್ಮ ಜೊತೆಯಲ್ಲೇ ಕೂತು ಓದುತ್ತಿದ್ದಾರೆ. ಸತ್ತ ಮೀನನ್ನು ಮಣ್ಣಿನಲ್ಲಿ ಹೂಳಿ, ತೊಟ್ಟಿಯ ನೀರನ್ನು ಕೆರೆಯ ದಿಕ್ಕಿಗೆ ಹರಿಯದ ನೆಲಕ್ಕೆ ಸುರಿಯಿರಿ.

ಕೈಯಲ್ಲಿ ಗಾಯವಿದ್ದಾಗ ತೊಟ್ಟಿಗೆ ಕೈ ಹಾಕಬೇಡಿ. ಮೈಕೋಬ್ಯಾಕ್ಟೀರಿಯಂ ಮೆರೈನಂ ಎಂಬ, ಕ್ಷಯದ ರೋಗಾಣುವಿನ ಬಳಗದ ಬ್ಯಾಕ್ಟೀರಿಯಾ ಮೀನಿನಿಂದ ಮನುಷ್ಯರ ಚರ್ಮಕ್ಕೆ ಬರುತ್ತದೆ. ಬೆರಳಿನ ಮೇಲೆ ವಾರಗಟ್ಟಲೆ ಮಾಯದ ಗಂಟು ಕಂಡರೆ ಡಾಕ್ಟರಿಗೆ 'ಮನೆಯಲ್ಲಿ ಅಕ್ವೇರಿಯಂ ಇದೆ' ಎಂದು ಮರೆಯದೆ ಹೇಳಿ, ಇಲ್ಲದಿದ್ದರೆ ಅವರಿಗೆ ಹೊಳೆಯುವುದು ಕಷ್ಟ. ಪೈಪಿನಿಂದ ನೀರೆಳೆಯಲು ಬಾಯಿ ಹಾಕುವುದೂ ಬೇಡ. ಪೈಪನ್ನು ನೀರಿನಲ್ಲಿ ಪೂರ್ತಿ ಮುಳುಗಿಸಿ ತುಂಬಿಸಿ, ಒಂದು ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಕೆಳಗಿಳಿಸಿದರೆ ಸಾಕು.

ಶಿರಾದ ದ್ವಿತೀಯ ಪಿಯುಸಿಯ ಒಬ್ಬ ಹುಡುಗ ಗಪ್ಪಿ ಮರಿ ಮಾಡಿ ಮಾರುತ್ತೇನೆ, ಫೀಸಿಗಾಗುತ್ತದೆ ಎಂದ. ಆಗುತ್ತದೆ. ಹೆಣ್ಣು ಗಪ್ಪಿ ಹೆಚ್ಚು ಕಡಿಮೆ ತಿಂಗಳಿಗೊಮ್ಮೆ ಮರಿ ಹಾಕುತ್ತದೆ, ಗಪ್ಪಿ ನಮ್ಮ ನೀರಿಗೆ ಹೊಂದುತ್ತದೆ, ಇಲ್ಲೇ ಹುಟ್ಟಿದ ಮರಿಗೆ ಬಸ್ಸಿನ ಆಯಾಸವೂ ಇಲ್ಲ. ಆದರೆ ಅವನಿಗೆ ಮೊದಲು ಬೇಕಾದದ್ದು ಎರಡನೇ ತೊಟ್ಟಿಯಲ್ಲ, ಆ ಟಬ್ಬೇ. ಒಮ್ಮೆ ರೋಗದ ಮೀನು ಮಾರಿದರೆ ಸಣ್ಣ ಊರಿನಲ್ಲಿ ಎರಡನೇ ಸಲ ಯಾರೂ ಬರುವುದಿಲ್ಲ. ಮನೆಯಂಗಳದ ಅಲಂಕಾರಿಕ ಮೀನು ಘಟಕಕ್ಕೆ 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಘಟಕ ವೆಚ್ಚದ ಶೇ. 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ. 60 ಸಹಾಯಧನವಿದೆ. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಇದನ್ನೇ ಓದಬೇಕೆನ್ನುವ ಪಿಸಿಎಂಬಿ ಮಕ್ಕಳಿಗೆ ಮಂಗಳೂರಿನ ಮೀನುಗಾರಿಕೆ ಕಾಲೇಜಿನ ನಾಲ್ಕು ವರ್ಷದ ಬಿ.ಎಫ್.ಎಸ್ಸಿ. ಪದವಿ ಇದೆ. 1969ರಲ್ಲಿ ಶುರುವಾದ ಅದು ದೇಶದ ಮೊದಲ ಮೀನುಗಾರಿಕೆ ಕಾಲೇಜು. ಸಿಇಟಿ ಅರ್ಜಿ ತುಂಬುವಾಗ ನಮ್ಮ ಮಕ್ಕಳು ಆ ಆಯ್ಕೆಯನ್ನು ನೋಡದೆ ದಾಟಿಬಿಡುತ್ತಾರೆ.

ವಿಭಾಗದಲ್ಲಿ ಈಗ ಒಂದು ಟಬ್, ಒಂದು ಹೀಟರ್, ಅಮೋನಿಯಾ ಪರೀಕ್ಷೆಯ ಕಿಟ್ ಇವೆ. ಮೀನಿಗೆ ಏನಾದರೂ ಆದರೆ ಬೆಳಿಗ್ಗೆ ಮೊದಲ ಪೀರಿಯಡ್‌ಗೆ ಮುಂಚೆ, ಜೀವಂತವಾಗಿರುವಾಗಲೇ ತನ್ನಿ. ಜೊತೆಗೆ ಬೇರೆ ಬಾಟಲಿಯಲ್ಲಿ ಅರ್ಧ ಲೀಟರ್ ತೊಟ್ಟಿಯ ನೀರು, ಒಂದು ಚೀಟಿಯಲ್ಲಿ ತೊಟ್ಟಿಯ ಅಳತೆ, ಮೀನು ತಂದ ದಿನ, ಈವರೆಗೆ ಹಾಕಿದ ಔಷಧದ ಹೆಸರು ಬರೆದಿರಲಿ.